ಭಾನುವಾರದ ಕೈ, ಸೋಮವಾರದ ತಕ್ಕಡಿ

ಪ್ರಶ್ನೆ: ಧಾರವಾಡ ಜಿಲ್ಲೆಯ ಸಣ್ಣ ಊರೊಂದರಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇದೆ. ನಾವು ದಕ್ಷಿಣ ಭಾರತ ಸಭೆ ಎಂಬ ಕ್ರೈಸ್ತ ಸಭೆಗೆ (ಸಿ.ಎಸ್.ಐ. ಚರ್ಚಿಗೆ) ಸೇರಿದವರು. ಕಾಯಿಲೆ ಬಿದ್ದ ದಿನಗಳನ್ನು ಬಿಟ್ಟರೆ ಮೂವತ್ತು ವರ್ಷಗಳಿಂದ ಭಾನುವಾರದ ಆರಾಧನೆಯನ್ನು ತಪ್ಪಿಸಿದವನಲ್ಲ. ಹಾಡುವಾಗ ಕಣ್ಣು ತುಂಬಿ ಬರುತ್ತದೆ. ಆದರೆ ಸೋಮವಾರ ಅಂಗಡಿಯ ಶಟರ್ ಎತ್ತಿದ ಕೂಡಲೇ ಅದೇ ಸಿಡುಕು, ಕೆಲಸದ ಹುಡುಗನಿಗೆ ಅದೇ ಬೈಗುಳ. ಎರಡು ಎಕರೆ ಹೊಲದ ಪಾಲಿನ ವಿಷಯದಲ್ಲಿ ತಮ್ಮನೊಡನೆ ಮಾತು ಬಿಟ್ಟು ಆರು ವರ್ಷವಾಯಿತು. ಅವನೂ ನಮ್ಮ ಸಭೆಗೇ ಬರುತ್ತಾನೆ, ಹಿಂದಿನ ಸಾಲಿನಲ್ಲಿ ಕಿಟಕಿಯ ಪಕ್ಕ ಕುಳಿತುಕೊಳ್ಳುತ್ತಾನೆ. ಕಾಲೇಜಿಗೆ ಹೋಗುವ ಮಗಳು ಮೊನ್ನೆ ಕೇಳಿದಳು: “ಅಪ್ಪಾ, ಇಷ್ಟು ವರ್ಷ ಚರ್ಚಿಗೆ ಹೋಗಿ ನಿಮ್ಮಲ್ಲಿ ಏನು ಬದಲಾಗಿದೆ?” ನನಗೆ ಉತ್ತರ ತೋಚಲಿಲ್ಲ. ಆರಾಧನೆ ದಿನನಿತ್ಯದ ಬದುಕನ್ನು ನಿಜವಾಗಿ ಬದಲಿಸುತ್ತದೆಯೇ? ಬದಲಿಸುವುದಾದರೆ ಹೇಗೆ?

ಉತ್ತರ: ಸಹೋದರರೇ, ನೀವು ಮಗಳನ್ನು ಗದರಿಸಲಿಲ್ಲ ಎಂದು ನಂಬಿದ್ದೇನೆ. ಅವಳ ಪ್ರಶ್ನೆ ಸತ್ಯವೇದದೊಳಗಿನದೇ, ಅಂದರೆ ಬೈಬಲಿನದೇ. ಕ್ರಿಸ್ತನಿಗಿಂತ ಎಂಟು ಶತಮಾನಗಳ ಹಿಂದೆ, ತೆಕೋವ ಎಂಬ ಊರಿನ ಕುರಿಗಾಹಿ, ಪ್ರವಾದಿ ಆಮೋಸನು ಇದನ್ನೇ ಕೇಳಿದ. ಅವನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಬರುವವರು ನಿಮ್ಮಂಥ ವ್ಯಾಪಾರಿಗಳೇ. ಅವರು ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಂದು ವ್ಯಾಪಾರ ಮಾಡುವವರಲ್ಲ, ನಿಯಮ ಪಾಲಿಸುವವರು. ಆದರೆ ಮನಸ್ಸಿನೊಳಗೆ, ಈ ದಿನ ಯಾವಾಗ ಮುಗಿದೀತು, ಗೋಧಿಯನ್ನು ಮಾರಾಟಕ್ಕೆ ಯಾವಾಗ ತೆಗೆದೇವು ಎಂದು ಎಣಿಸುತ್ತಿದ್ದಾರೆ. ಧಾನ್ಯ ಅಳೆದು ಕೊಡುವ ಕೊಳಗ ಕಿರಿದು, ಬೆಳ್ಳಿ ತೂಗಿ ತೆಗೆದುಕೊಳ್ಳುವ ಕಲ್ಲು ಹಿರಿದು. ಅಂದರೆ ಕೊಡುವಾಗ ಕಡಿಮೆ, ಪಡೆಯುವಾಗ ಹೆಚ್ಚು. ಇದರ ಅರ್ಥವನ್ನು ನಾನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇಂಥವರ ಹಾಡು ದೇವರಿಗೆ ಗದ್ದಲವಾಗಿ ಕೇಳಿಸುತ್ತದೆ ಎಂದು ಆಮೋಸ ಹೇಳಿದ.

ಆರಾಧನೆಗೆ ಹೋದ ಮಾತ್ರಕ್ಕೆ ಮನುಷ್ಯ ಬದಲಾಗುತ್ತಾನೆ ಎಂದು ಸತ್ಯವೇದ ಎಲ್ಲಿಯೂ ಹೇಳುವುದಿಲ್ಲ. ಕಣ್ಣು ತುಂಬಿ ಬಂದರೆ ಬದಲಾಗುತ್ತಾನೆ ಎಂದೂ ಹೇಳುವುದಿಲ್ಲ. ನಿಮ್ಮ ಕಣ್ಣೀರು ಸುಳ್ಳಲ್ಲ, ಅದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಬದಲಾವಣೆ ಅದರಿಂದಲೇ ಬರುತ್ತದೆ ಎಂದು ನಾವು ಕಾದು ಕುಳಿತೆವು. ನಾನೂ ಕಾದವನೇ. ಹಳ್ಳಿಯ ಸಭೆಗಳಲ್ಲಿ ಪಾಲಕನಾಗಿದ್ದ ಮೊದಲ ವರ್ಷಗಳಲ್ಲಿ ನನ್ನ ಉಪದೇಶ ಕೇಳಿ ಜನರ ಕಣ್ಣು ಒದ್ದೆಯಾದರೆ ಆ ಭಾನುವಾರ ಸಾರ್ಥಕವಾಯಿತೆಂದು ಮನೆಗೆ ಹೋಗುತ್ತಿದ್ದೆ. ಅದೇ ಜನ ಬುಧವಾರ ಬೋರ್‌ವೆಲ್ ಹತ್ತಿರ ಕೊಡಕ್ಕೆ ಕೊಡ ತಾಗಿಸಿ ಜಗಳವಾಡುವುದನ್ನು ಕಂಡಾಗ ಕಂಗಾಲಾಗುತ್ತಿದ್ದೆ. ಆಮೇಲೆ ಸೆಮಿನರಿಯಲ್ಲಿ ಆರಾಧನಾ ಕ್ರಮದ ಚರಿತ್ರೆಯನ್ನು ಕಲಿಸುತ್ತಾ ಹೋದಂತೆ ನನ್ನ ತಪ್ಪು ನನಗೆ ಗೊತ್ತಾಯಿತು.

ಆ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಅಲುಗಾಡಿಸಿದ ಸಾಕ್ಷಿ ಕ್ರೈಸ್ತನೊಬ್ಬನದಲ್ಲ. ಸುಮಾರು 112ನೆಯ ಇಸವಿಯಲ್ಲಿ, ಇಂದಿನ ಟರ್ಕಿಯ ಕಪ್ಪು ಸಮುದ್ರದ ಕರಾವಳಿಯಲ್ಲಿ ಬಿಥೂನ್ಯ ಪ್ರಾಂತ್ಯದ ರಾಜ್ಯಪಾಲನಾಗಿದ್ದ ಪ್ಲಿನಿ ಎಂಬ ರೋಮನ್ ಅಧಿಕಾರಿ ಚಕ್ರವರ್ತಿ ತ್ರಾಯನನಿಗೆ ಪತ್ರ ಬರೆದ. ಈ ಕ್ರೈಸ್ತರನ್ನು ಏನು ಮಾಡಲಿ ಎಂಬುದು ಅವನ ತೊಡಕು. ಇವರು ಸೇರಿಕೊಂಡು ಮಾಡುವುದೇನು ಎಂದು ವಿಚಾರಿಸಿದಾಗ ಸಿಕ್ಕಿದ ಉತ್ತರವನ್ನು ಅವನು ದಾಖಲಿಸಿದ್ದಾನೆ: ಗೊತ್ತಾದ ಒಂದು ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಸರದಿಯಂತೆ ಹಾಡುತ್ತಾರೆ, ಆಣೆ ಮಾಡುತ್ತಾರೆ. ಅಪರಾಧ ಮಾಡುವುದಕ್ಕೆ ಮಾಡಿಕೊಂಡ ಆಣೆಯಲ್ಲ ಅದು. ಕಳ್ಳತನ, ಸುಲಿಗೆ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಂಬಿ ಇಟ್ಟ ಒತ್ತೆಯನ್ನು ಕೇಳಿದಾಗ ಇಲ್ಲವೆನ್ನುವುದಿಲ್ಲ ಎಂಬ ಆಣೆ. ನಿಜಾಂಶ ತಿಳಿಯಲೆಂದು ಪ್ಲಿನಿ ಇಬ್ಬರು ಗುಲಾಮ ಹೆಂಗಸರನ್ನು ಚಿತ್ರಹಿಂಸೆಗೆ ಗುರಿಮಾಡಿದ. ಅವರು ಆ ಸಭೆಯಲ್ಲಿ ಸೇವಕಿಯರು ಎನಿಸಿಕೊಂಡಿದ್ದವರು.

ನಂಬಿ ಇಟ್ಟ ಒತ್ತೆ ಎಂಬ ಮಾತನ್ನು ನೋಡಿ. ಬ್ಯಾಂಕಿಲ್ಲದ ಕಾಲದಲ್ಲಿ ಊರು ಬಿಟ್ಟು ಹೋಗುವವನು ತನ್ನ ಹಣದ ಗಂಟನ್ನು ನೆರೆಯವನ ಕೈಗೆ ಕೊಟ್ಟು ಹೋಗುತ್ತಿದ್ದ. ಆ ಗಂಟಿನ ಮಾತು ಬೆಳಗಿನ ಜಾವದ ಹಾಡಿನ ಮಗ್ಗುಲಲ್ಲೇ ಬಂದಿದೆ. ಆ ಜನರಿಗೆ ಹಾಡು ಬೇರೆ, ಲೇವಾದೇವಿ ಬೇರೆ ಆಗಿರಲಿಲ್ಲ. ನಾವು ಇವೆರಡರ ನಡುವೆ ಎಲ್ಲೋ ಒಂದು ಗೋಡೆ ಎಬ್ಬಿಸಿಕೊಂಡೆವು.

ಕನ್ನಡ ಶಾಲೆಯಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಎಂದು ಕಲಿತದ್ದು ನೆನಪಿದೆಯಲ್ಲವೇ? ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ಕೊನೆಗೆ. “ನಾನು ನನ್ನ ತಮ್ಮನನ್ನು” ಎಂದು ಹೇಳಿ ನಿಲ್ಲಿಸಿದರೆ ಕೇಳುವವನು ಕಾಯುತ್ತಾನೆ. ನೋಡಿದೆನೋ, ಬೈದೆನೋ, ಅಪ್ಪಿಕೊಂಡೆನೋ? ನಮ್ಮ ಆರಾಧನೆಯಲ್ಲಿ ನಾವು ಹೇಳುವ ಒಂದೊಂದು ಮಾತೂ ಹೀಗೆ ಕ್ರಿಯಾಪದಕ್ಕೆ ಕಾಯುವ ವಾಕ್ಯ. ಕರ್ತೃವನ್ನೂ ಕರ್ಮವನ್ನೂ ದೇವಾಲಯದಲ್ಲಿ ಹೇಳಿ ಬರುತ್ತೇವೆ. ಕ್ರಿಯಾಪದವನ್ನು ಹೇಳಬೇಕಾದ್ದು ಅಂಗಡಿಯಲ್ಲಿ, ಅಡುಗೆಮನೆಯಲ್ಲಿ, ತಹಸೀಲ್ದಾರ್ ಕಚೇರಿಯ ಸಾಲಿನಲ್ಲಿ. ನಿಮ್ಮ ಮೂವತ್ತು ವರ್ಷ ವ್ಯರ್ಥವಾಗಿಲ್ಲ. ಅಷ್ಟೂ ವರ್ಷಗಳ ವಾಕ್ಯಗಳು ಮುಗಿಯದೆ ನಿಂತಿವೆ, ಅಷ್ಟೇ.

ಪಾಪದ ಅರಿಕೆಯಿಂದ ಶುರು ಮಾಡೋಣ. ಮನಸ್ಸಿನಲ್ಲಿ, ಮಾತಿನಲ್ಲಿ, ಕ್ರಿಯೆಯಲ್ಲಿ ಪಾಪ ಮಾಡಿದ್ದೇವೆ ಎಂದು ಎಲ್ಲರೂ ಕೂಡಿ ಹೇಳುತ್ತೇವೆ. ಕೂಡಿ ಹೇಳುವುದರಲ್ಲಿ ಒಂದು ಅಪಾಯವಿದೆ: “ನಾವು” ಎನ್ನುವಾಗ “ನಾನು” ಬಚ್ಚಿಟ್ಟುಕೊಳ್ಳುತ್ತದೆ. ಅದಕ್ಕೇ ಅರಿಕೆಗೆ ಮುಂಚೆ ಒಂದಷ್ಟು ಮೌನವಿರಬೇಕು. ಈಗೀಗ ಎಷ್ಟೋ ಸಭೆಗಳಲ್ಲಿ ಆ ಮೌನಕ್ಕೆ ಐದು ಸೆಕೆಂಡೂ ಸಿಗುವುದಿಲ್ಲ, ಕೀಬೋರ್ಡ್ ಬಾರಿಸಿ ಅದನ್ನೂ ತುಂಬಿಸಿಬಿಡುತ್ತಾರೆ. ಇದು ನನಗೆ ನಿಜವಾಗಿಯೂ ನೋವಿನ ವಿಷಯ. ನಿಮ್ಮ ಸಭೆಯಲ್ಲೂ ಹಾಗೆಯೇ ಆಗುತ್ತಿದ್ದರೆ ಶನಿವಾರ ರಾತ್ರಿ ಅಂಗಡಿಯ ಲೆಕ್ಕ ಮುಗಿಸಿದ ಮೇಲೆ ಹತ್ತು ನಿಮಿಷ ಅಲ್ಲಿಯೇ ಕುಳಿತು ಆ ಮೌನವನ್ನು ಮಾಡಿಕೊಳ್ಳಿ. ವಾರದಲ್ಲಿ ಕೆಲಸದ ಹುಡುಗನಿಗೆ ಆಡಿದ ಒಂದು ಮಾತು ನೆನಪಾದರೆ ಸಾಕು. ಭಾನುವಾರ “ಮಾತಿನಲ್ಲಿ” ಎಂದು ಬಾಯಿ ಬಿಡುವಾಗ ಆ ಹುಡುಗನ ಮುಖ ಎದುರಿಗೆ ಬರಲಿ. ಸೋಮವಾರ ಅವನು ಬಂದಾಗ ಆ ವಾಕ್ಯವನ್ನು ಮುಗಿಸಿ: “ಮೊನ್ನೆ ಹಾಗೆ ಬೈಯಬಾರದಿತ್ತಪ್ಪಾ, ತಪ್ಪಾಯಿತು.” ಯಜಮಾನನ ಬಾಯಲ್ಲಿ ಈ ಮಾತು ಹೊರಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಸಿಡುಕು ಒಮ್ಮೆಗೇ ಹೋಗುವುದೂ ಇಲ್ಲ. ಆದರೆ ಪ್ರತಿ ಬೈಗುಳಕ್ಕೂ ಒಂದು ಕ್ಷಮಾಪಣೆ ಕೊಡಲೇಬೇಕೆಂದಾದರೆ ನಾಲಿಗೆ ತಾನಾಗಿ ಲೆಕ್ಕ ಹಾಕುವುದನ್ನು ಕಲಿಯುತ್ತದೆ.

ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ಎಂಬ ಮಠಾಧಿಪತಿ ತನ್ನ ಸನ್ಯಾಸಿಗಳಿಗೆ ನಿಯಮಗಳನ್ನು ಬರೆದುಕೊಟ್ಟ. ಕರ್ತನಾದ ಯೇಸು ಕಲಿಸಿದ ಪ್ರಾರ್ಥನೆಯನ್ನು ಬೆಳಿಗ್ಗೆ ಮತ್ತು ಸಂಜೆಯ ಆರಾಧನೆಯ ಕೊನೆಯಲ್ಲಿ ಹಿರಿಯನು ಎಲ್ಲರಿಗೂ ಕೇಳಿಸುವಂತೆ ಗಟ್ಟಿಯಾಗಿ ಹೇಳಬೇಕು ಎಂಬುದು ಅವುಗಳಲ್ಲೊಂದು. ಕಾರಣವನ್ನೂ ಅವನೇ ಕೊಟ್ಟಿದ್ದಾನೆ: ಒಂದೇ ಕಡೆ ಬಾಳುವವರ ನಡುವೆ ಜಗಳದ ಮುಳ್ಳುಗಳು ಏಳುತ್ತಲೇ ಇರುತ್ತವೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು ಎಂಬ ಮಾತು ಕಿವಿಗೆ ಬಿದ್ದಾಗ, ತಾವು ದೇವರಿಗೆ ಕೊಟ್ಟ ಮಾತಿನಲ್ಲಿ ತಾವೇ ಸಿಕ್ಕಿಕೊಂಡು ಮುಳ್ಳನ್ನು ತೆಗೆದುಕೊಳ್ಳುತ್ತಾರೆ. ದಿನಕ್ಕೆ ಎರಡು ಸಲ! ಸನ್ಯಾಸಿಗಳೂ ಜಗಳವಾಡುತ್ತಾರೆ ಎಂದು ಅವನು ಬೇಸರಪಟ್ಟುಕೊಳ್ಳಲಿಲ್ಲ, ಅದಕ್ಕೆ ತಕ್ಕ ಪದ್ಧತಿಯನ್ನು ಮಾಡಿಟ್ಟ. ಮಠದ ಉಗ್ರಾಣ ನೋಡಿಕೊಳ್ಳುವವನು ಅಲ್ಲಿನ ಪಾತ್ರೆ ಪರಡಿಯನ್ನೆಲ್ಲ ವೇದಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕು ಎಂದು ಬರೆದವನೂ ಅವನೇ. ನಿಮ್ಮ ತಕ್ಕಡಿಯನ್ನು ಒಂದು ದಿನ ಆ ಕಣ್ಣಿನಿಂದ ನೋಡಿ.

ಈಗ ನಿಮ್ಮ ತಮ್ಮನ ವಿಷಯ. ನೀವು ಅದನ್ನು ಎರಡು ಸಾಲಿನಲ್ಲಿ ಬರೆದು ಮುಂದಕ್ಕೆ ಹೋಗಿದ್ದೀರಿ. ನಿಮ್ಮ ಪತ್ರದ ಭಾರವೆಲ್ಲ ಅಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ.

ನೀವು ದಕ್ಷಿಣ ಭಾರತ ಸಭೆಯವರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹಲವು ಸಭೆಗಳು ಕೂಡಿ ಅದು ಹುಟ್ಟಿತು. ಆಂಗ್ಲಿಕನರು, ಮೆಥೊಡಿಸ್ಟರು, ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳವರು ಅದರಲ್ಲಿ ಸೇರಿದರು. ಬೇರೆ ಬೇರೆ ಪದ್ಧತಿಯಲ್ಲಿ ಬೆಳೆದವರು ಕೂಡಿ ಆರಾಧಿಸುವುದು ಹೇಗೆ ಎಂದು ಯೋಚಿಸಿ 1950ರಲ್ಲಿ ಕರ್ತನ ರಾತ್ರಿಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ, ಹೊಸ ಕ್ರಮವೊಂದನ್ನು ಸಿದ್ಧಪಡಿಸಿದರು. ಅದರಲ್ಲಿ ಒಂದು ಹಳೆಯ ಕ್ರಿಯೆ ಹೊಸದಾಗಿ ಬಂತು: ಸಮಾಧಾನ ಹಂಚುವುದು. ಆದಿ ಸಭೆಯಲ್ಲಿ ಇದ್ದದ್ದು, ಪಶ್ಚಿಮದ ಸಭೆಗಳಲ್ಲಿ ಜನರ ಕೈಯಿಂದ ಜಾರಿಹೋಗಿತ್ತು. ಕೇರಳದ ಸಿರಿಯನ್ ಕ್ರೈಸ್ತರು ಅದನ್ನು ಕಾಪಾಡಿಕೊಂಡು ಬಂದಿದ್ದರು. ಅಲ್ಲಿಂದ ಅದು ನಮಗೆ ಬಂತು, ಆಮೇಲೆ ಎಷ್ಟೋ ದೇಶಗಳ ಸಭೆಗಳು ನಮ್ಮ ಕ್ರಮವನ್ನು ನೋಡಿ ಕಲಿತವು. ನಮ್ಮ ನೆಲದಿಂದ ಲೋಕದ ಆರಾಧನೆಗೆ ಸಂದ ದೊಡ್ಡ ಕಾಣಿಕೆ ಇದೆಂದು ನಾನು ಹೆಮ್ಮೆಯಿಂದ ಹೇಳುತ್ತೇನೆ.

ಆ ಕ್ರಿಯೆಯನ್ನು ಹೇಗೆ ಮಾಡಬೇಕೆಂದೂ ಕ್ರಮದಲ್ಲಿ ಬರೆದಿದೆ. ಕೊಡುವವನು ತನ್ನ ಬಲ ಅಂಗೈಯನ್ನು ಪಡೆಯುವವನ ಬಲ ಅಂಗೈಗೆ ಸೇರಿಸುತ್ತಾನೆ, ಇಬ್ಬರೂ ಎಡಗೈಯನ್ನು ಇನ್ನೊಬ್ಬನ ಬಲಗೈಯ ಮೇಲೆ ಮುಚ್ಚುತ್ತಾರೆ. ಇಬ್ಬರ ಎರಡೂ ಕೈ ತುಂಬಿರುತ್ತವೆ, ಇನ್ನೇನನ್ನೂ ಹಿಡಿದುಕೊಳ್ಳಲು ಕೈ ಉಳಿಯುವುದಿಲ್ಲ. ಅದೇ ಗಳಿಗೆಯಲ್ಲಿ ಸಭೆ ಹೇಳುವ ಕೀರ್ತನೆಯ ಮಾತು ಯಾವುದು ಗೊತ್ತೇ? ಸಹೋದರರು ಒಂದಾಗಿರುವುದು ಎಷ್ಟೋ ಒಳ್ಳೆಯದು, ಎಷ್ಟೋ ರಮ್ಯವಾದದ್ದು! ಸತ್ಯವೇದದ ನೂರಮೂವತ್ತಮೂರನೆಯ ಕೀರ್ತನೆ. ಆರು ವರ್ಷಗಳಿಂದ ನೀವು ಮುಂದಿನ ಸಾಲಿನಲ್ಲಿ, ನಿಮ್ಮ ತಮ್ಮ ಹಿಂದಿನ ಸಾಲಿನಲ್ಲಿ ನಿಂತು ಈ ಮಾತನ್ನು ಒಟ್ಟಿಗೆ ಹೇಳಿದ್ದೀರಿ.

ಇದು ಕಾಣಿಕೆಗಿಂತ ಮುಂಚೆ ಬರುವುದಕ್ಕೆ ಕಾರಣವಿದೆ. ಕಾಣಿಕೆಯನ್ನು ಯಜ್ಞವೇದಿಗೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗು, ಮೊದಲು ಅವನೊಡನೆ ಒಂದಾಗು ಎಂದು ಯೇಸು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ತಪ್ಪು ಯಾರದು ಎಂಬ ಪ್ರಶ್ನೆಯನ್ನು ಆತನು ಎತ್ತುವುದೇ ಇಲ್ಲ. ನಿನಗೆ ಅವನ ಮೇಲೆ ಏನಾದರೂ ಇದ್ದರೆ ಎನ್ನುವುದಿಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ ಎನ್ನುತ್ತಾನೆ. ಆಸ್ತಿ ಪತ್ರ ಯಾರ ಪರವಾಗಿದೆ ಎಂದು ನಾನು ನಿಮ್ಮನ್ನು ಕೇಳದಿರುವುದು ಇದಕ್ಕೇ.

ಇಲ್ಲೊಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ತಪ್ಪಾಗುತ್ತದೆ. ಗಂಡನ ಹೊಡೆತ ತಿಂದು ತವರಿಗೆ ಬಂದವಳಿಗೆ, ಹಿರಿಯರಿಂದ ದುರುಪಯೋಗಕ್ಕೊಳಗಾದ ಮಗುವಿಗೆ ಈ ವಾಕ್ಯವನ್ನು ತೋರಿಸಿ ಹೋಗಿ ಒಂದಾಗು ಎಂದು ತಳ್ಳುವುದನ್ನು ನಾನು ಕಂಡಿದ್ದೇನೆ. ಅದು ಅನ್ಯಾಯ. ಅಲ್ಲಿ ಮೊದಲು ಬೇಕಾದ್ದು ರಕ್ಷಣೆ, ಕಾನೂನಿನ ನೆರವು. ನಿಮ್ಮದು ಅಂಥದ್ದಲ್ಲ. ಎರಡು ಎಕರೆ ಹೊಲದ ಅಂಚಿನಲ್ಲಿ ನಿಂತ ಇಬ್ಬರು ಸಮಬಲದ ಗಂಡಸರದು.

ಹಾಗಾದರೆ ಏನು ಮಾಡಬೇಕು? ಮೊದಲ ದಿನವೇ ಆಸ್ತಿಯ ಮಾತೆತ್ತಬೇಡಿ. ಬರುವ ಭಾನುವಾರ ಸಮಾಧಾನ ಹಂಚುವಾಗ ಎಲ್ಲರೆದುರು ಹಿಂದಿನ ಸಾಲಿಗೆ ನಡೆದು ಹೋಗಿ ಅವನನ್ನು ಬೆರಗುಗೊಳಿಸುವುದೂ ಬೇಡ. ಸಭೆಯ ಕಣ್ಣೆದುರು ಅವನಿಗೆ ಬೇರೆ ದಾರಿಯೇ ಇರದಂತಾಗುತ್ತದೆ, ಕೈಯನ್ನು ಕೊಟ್ಟರೂ ಮನಸ್ಸನ್ನು ಕೊಡಲಾರ. ವಾರದ ನಡುವೆ ಒಂದು ಸಂಜೆ, ಒಬ್ಬರೇ, ಅವನ ಮನೆಗೆ ಹೋಗಿ. ಬಾಗಿಲು ತೆರೆದರೆ ಕುಳಿತು ನೀರು ಕೇಳಿ ಕುಡಿಯಿರಿ. “ಆರು ವರ್ಷದಿಂದ ನಿನಗೆ ಬೆನ್ನು ಹಾಕಿ ನಿಂತು ಸಮಾಧಾನ ಹೇಳುತ್ತಿದ್ದೇನೆ, ಇನ್ನು ಆಗುವುದಿಲ್ಲ ತಮ್ಮಾ” ಎಂದಷ್ಟೇ ಹೇಳಿ ಎದ್ದು ಬನ್ನಿ. ಬಾಗಿಲು ತೆರೆಯದಿದ್ದರೆ ಇನ್ನೊಂದು ಸಂಜೆ ಹೋಗಿ. ಹೊಲದ ಮಾತನ್ನು ಆಮೇಲೆ, ಇಬ್ಬರೂ ಒಪ್ಪುವ ಹಿರಿಯರೊಬ್ಬರ ಮುಂದೆ ಆಡಬಹುದು.

ಆರಾಧನೆ ಬದುಕಿಗೆ ತಾಗದಂತೆ ನೋಡಿಕೊಳ್ಳುವುದರಲ್ಲಿ ಮನುಷ್ಯರು ಎಷ್ಟು ಜಾಣರು ಎಂಬುದಕ್ಕೆ ನಮ್ಮ ದಕ್ಷಿಣ ಭಾರತದ ಸಭೆಗಳ ಚರಿತ್ರೆಯಲ್ಲೇ ನೋವಿನ ಸಾಕ್ಷಿ ಇದೆ. ತಮಿಳುನಾಡಿನ ಹಳೆಯ ಸಭೆಗಳಲ್ಲಿ ಮೇಲ್ಜಾತಿಯಿಂದ ಬಂದವರೂ ದಲಿತರೂ ಬೇರೆ ಬೇರೆ ಕಡೆ ಕುಳಿತು, ಕರ್ತನ ಮೇಜಿಗೂ ಬೇರೆ ಬೇರೆಯಾಗಿ ಬರುತ್ತಿದ್ದರು. ಒಂದೇ ರೊಟ್ಟಿ, ಒಂದೇ ಪಾನಪಾತ್ರೆ, ಆದರೆ ಮೊದಲು ಅವರು, ಆಮೇಲೆ ಇವರು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್, ಸಭೆಯೊಳಗೆ ಜಾತಿ ಭೇದವನ್ನು ಈ ಕೂಡಲೇ, ಪೂರ್ತಿಯಾಗಿ ಬಿಡಬೇಕೆಂದು ಪತ್ರ ಕಳುಹಿಸಿದಾಗ ತಂಜಾವೂರಿನಲ್ಲಿ, ಮದ್ರಾಸಿನ ವೇಪೇರಿಯಲ್ಲಿ ಎಷ್ಟೋ ಜನ ಸಭೆಯನ್ನೇ ಬಿಟ್ಟರು. ಅವರು ಹಾಡು ಬಿಟ್ಟವರಲ್ಲ, ಪ್ರಾರ್ಥನೆ ಬಿಟ್ಟವರಲ್ಲ. ಪಾನಪಾತ್ರೆಯ ಅರ್ಥ ತಮ್ಮ ಮನೆಯ ಹೊಸ್ತಿಲಿಗೆ ಬಂದಾಗ ಹಿಂದೆ ಸರಿದರು. ಈಗ ಎಲ್ಲ ಸರಿಹೋಗಿದೆ ಎಂದು ಹೇಳುವ ಧೈರ್ಯ ನನಗಿಲ್ಲ. ನಮ್ಮಲ್ಲಿ ಮಗಳ ಮದುವೆಯ ಮಾತು ಬಂದಾಗ ಇಂದಿಗೂ ಮೊದಲು ಏಳುವ ಪ್ರಶ್ನೆ ಯಾವುದೆಂದು ನಿಮಗೂ ಗೊತ್ತು, ನನಗೂ ಗೊತ್ತು. ನಿಮ್ಮ ಅಂಗಡಿಗೆ ಬರುವ ಯಾರಿಗಾದರೂ ಚಿಲ್ಲರೆಯನ್ನು ಕೈಗೆ ಕೊಡದೆ ಗಲ್ಲಾಪೆಟ್ಟಿಗೆಯ ಮೇಲೆ ಇಡುವ ಅಭ್ಯಾಸವಿದ್ದರೆ, ಒಂದೇ ಪಾತ್ರೆಯಿಂದ ಕುಡಿದವನು ನಾನು ಎಂಬುದನ್ನು ಆ ಗಳಿಗೆಯಲ್ಲಿ ನೆನಪಿಸಿಕೊಳ್ಳಿ.

ಕಾಣಿಕೆಯ ಬಗ್ಗೆ. ಸುಮಾರು 155ರಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬಾತ ಭಾನುವಾರದ ಆರಾಧನೆ ಹೇಗೆ ನಡೆಯುತ್ತಿತ್ತೆಂದು ವಿವರಿಸಿದ್ದಾನೆ. ವಾಚನ, ಬುದ್ಧಿವಾದ, ಪ್ರಾರ್ಥನೆ, ರೊಟ್ಟಿ, ದ್ರಾಕ್ಷಾರಸ. ಬರಲಾಗದವರ ಪಾಲನ್ನು ಸೇವಕರು ಅವರ ಮನೆಗೇ ಒಯ್ಯುತ್ತಾರೆ. ಇದ್ದವರು ತಮಗೆ ತೋಚಿದಷ್ಟು ಕೊಡುತ್ತಾರೆ. ಆ ಹಣ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿರುವವರಿಗೆ, ಊರಿಗೆ ಬಂದ ಪರಸ್ಥಳದವರಿಗೆ ಹೋಗುತ್ತದೆ. ನಮ್ಮ ಕಾಣಿಕೆ ತಟ್ಟೆ ಹಿಡಿದುಕೊಂಡು ಬಂದ ದಾರಿ ಇದು. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಿಂದ ನಡೆಸಿಕೊಂಡು ಬಂದ ಪದ್ಧತಿಯೊಂದು ನನಗೆ ಬಹಳ ಪ್ರಿಯ: ಅನ್ನಕ್ಕೆ ಅಕ್ಕಿ ಹಾಕುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ದೇವರಿಗೆಂದು ಬೇರೆ ತೆಗೆದಿಡುವುದು. ಆ ಹಿಡಿ ಹಿಡಿ ಅಕ್ಕಿಯೇ ಸೇರಿ ಅಲ್ಲಿನ ಸಭೆಯ ಸೇವೆಗೆ ದೊಡ್ಡ ಆಧಾರವಾಗಿದೆ. ಆದರೆ ಮೊತ್ತಕ್ಕಿಂತ ಆ ಕೈಯ ಮೇಲೆ ನನ್ನ ಕಣ್ಣು. ದಿನಕ್ಕೆ ಎರಡು ಸಲ ಅಕ್ಕಿ ಡಬ್ಬಿಯ ಮುಂದೆ ಆ ಹೆಂಗಸು ಕಾಣಿಕೆಯ ವಾಕ್ಯಕ್ಕೆ ಕ್ರಿಯಾಪದ ಸೇರಿಸುತ್ತಾಳೆ. ನೀವು ದಿನವಿಡೀ ಅಕ್ಕಿ ಬೇಳೆಯ ನಡುವೆ ಇರುವವರು. ತೂಕದ ಮೇಲೆ ಒಂದು ಹಿಡಿ ಹೆಚ್ಚು ಯಾರ ಚೀಲಕ್ಕೆ ಬೀಳಬೇಕು, ಉದ್ರಿ ಪುಸ್ತಕದಲ್ಲಿ ಯಾರ ಹೆಸರಿನ ಮುಂದಿನ ಬಾಕಿಯನ್ನು ಹೊಡೆದುಹಾಕಬೇಕು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಹಾಡು, ಉಪದೇಶಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವು ಮನಸ್ಸನ್ನು ಹದ ಮಾಡುತ್ತವೆ. ಕೀರ್ತನೆಗಳ ವಿಷಯ ಮಾತ್ರ ಒಂದು ಮಾತು. ನೂರೈವತ್ತು ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳಿನವು. ಎಂಬತ್ತೆಂಟನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ನಾವು ಸಭೆಯಲ್ಲಿ ಸ್ತೋತ್ರದ ಕೀರ್ತನೆಗಳನ್ನಷ್ಟೇ ಆರಿಸಿಕೊಂಡು ಹಾಡಿ, ದುಃಖವನ್ನು ದೇವರ ಮುಂದೆ ಹೇಳಿಕೊಳ್ಳುವುದನ್ನು ಮರೆತೆವು. ಹೇಳಿಕೊಳ್ಳದ ದುಃಖ ಸಿಟ್ಟಾಗಿ ತಿರುಗಿ ಹೆಂಡತಿಯ ಮೇಲೆ, ಮಕ್ಕಳ ಮೇಲೆ, ಕೆಲಸದ ಹುಡುಗನ ಮೇಲೆ ಬೀಳುತ್ತದೆ. ನಿಮ್ಮ ಸಿಡುಕಿನ ಕೆಳಗೆ ತಮ್ಮನನ್ನು ಕಳೆದುಕೊಂಡ ಸಂಕಟ ಇರಬಹುದೇ? ಆ ಎಂಬತ್ತೆಂಟನೆಯ ಕೀರ್ತನೆಯನ್ನು ಒಬ್ಬರೇ ಇದ್ದಾಗ ಬಾಯಿಬಿಟ್ಟು ಓದಿ.

ಇನ್ನು ನಿಮ್ಮ ಮಗಳಿಗೆ ಹೇಳಬೇಕಾದ ಉತ್ತರ. “ಇದುವರೆಗೆ ಹೆಚ್ಚೇನೂ ಬದಲಾಗಿಲ್ಲ ಮಗಳೇ, ನೀನು ಕೇಳಿದ್ದು ಸರಿ” ಎಂದು ನೇರವಾಗಿ ಹೇಳಿ. ತಂದೆಯ ಬಾಯಲ್ಲಿ ಪಾಪದ ಅರಿಕೆಯನ್ನು ಅವಳು ಸಭೆಯಲ್ಲಿ ನೂರಾರು ಸಲ ಕೇಳಿದ್ದಾಳೆ. ಮನೆಯಲ್ಲಿ, ಅವಳ ಕಣ್ಣು ನೋಡಿ ಹೇಳಿದ್ದನ್ನು ಇದೇ ಮೊದಲು ಕೇಳಿಸಿಕೊಳ್ಳುವಳೋ ಏನೋ. ಆಮೇಲೆ ಚಿಕ್ಕಪ್ಪನ ಮನೆಗೆ ಹೊರಡುವ ಸಂಜೆ ಯಾವುದೆಂದು ಅವಳಿಗೆ ತಿಳಿಸಿಡಿ. ನೀವು ಮುಂದೂಡಿದರೆ ಅವಳು ನೆನಪಿಸುತ್ತಾಳೆ. ಹೋಗಿ ಬಂದ ಮೇಲೆ, ಬಾಗಿಲು ತೆರೆದರೂ ತೆರೆಯದಿದ್ದರೂ, ನನಗೊಂದು ಸಾಲು ಬರೆಯಿರಿ. ಅಲ್ಲಿಯವರೆಗೆ ನಿಮ್ಮಿಬ್ಬರನ್ನೂ ನನ್ನ ಸಂಜೆಯ ಪ್ರಾರ್ಥನೆಯಲ್ಲಿ ನೆನೆಯುತ್ತಿರುತ್ತೇನೆ.